ಮಿಲಾನ್ ಹ್ಲಾವ್ಸಾ: ರಾಕ್ ಸಂಗೀತ, ಚೆಕ್ ಕಾವ್ಯ ಮತ್ತು ಪ್ರಭುತ್ವ

ಚೆಕೊಸ್ಲೊವಾಕಿಯಾದ ಚರಿತ್ರೆಯಲ್ಲಿ ಮಿಲಾನ್ ಹ್ಲಾವ್ಸಾ (1951–2001) ಅವರ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಮಾನವ ಹಕ್ಕುಗಳಿಗಾಗಿನ ‘ಚಾರ್ಟರ್ 77’ ಚಳವಳಿಯ ಹಿನ್ನೆಲೆಯಲ್ಲಿ. ಈ ಓದು ಒಬ್ಬ ಕಲಾವಿದನನ್ನು ಮೊಕದ್ದಮೆಯೊಂದರ ನಿಮಿತ್ತವಾಗಿ ಮಾತ್ರ ಕಾಣುತ್ತದೆ. ಹ್ಲಾವ್ಸಾ ಮೂಲತಃ ಸಂಗೀತ ಸಂಯೋಜಕರು. ಸಂಯೋಜನೆಯ ವಿಷಯದಲ್ಲಿ ಅವರು ರಾಜಿಗೆ ಒಪ್ಪದ್ದರಿಂದಲೇ ಅವರ ರಾಜಕೀಯ ಮಹತ್ವ ರೂಪುಗೊಂಡಿತು ಎಂಬುದು ಪ್ರಸ್ತುತ ಲೇಖನದ ವಾದ.

1968ರ ಆಗಸ್ಟ್ 21ರಂದು ವಾರ್ಸಾ ಒಪ್ಪಂದದ ಸೇನೆಗಳು ದೇಶದೊಳಗೆ ನುಗ್ಗಿದವು. ಕೆಲವೇ ವಾರಗಳಲ್ಲಿ, ಹದಿನೇಳರ ಹರೆಯದ ಹ್ಲಾವ್ಸಾ ಪ್ರಾಗ್‌ನಲ್ಲಿ ‘ದಿ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ತಂಡ ಕಟ್ಟಿದರು. ತಂಡದ ಹೆಸರಿಗೆ ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಪ್ರೇರಣೆಯಾದರೆ, ನಾದಕ್ಕೆ ನ್ಯೂಯಾರ್ಕಿನ ರಾಕ್ ತಂಡ ವೆಲ್ವೆಟ್ ಅಂಡರ್‌ಗ್ರೌಂಡ್ ಮಾದರಿ. 1970ರಲ್ಲಿ ಸರ್ಕಾರ ತಂಡದ ವೃತ್ತಿಪರ ಪರವಾನಗಿಯನ್ನು ಕಿತ್ತುಕೊಂಡಿತು. ಆಗ ಕಲಾ ಇತಿಹಾಸಕಾರ ಇವಾನ್ ಯಿರೌಸ್ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಕುರಿತ ಉಪನ್ಯಾಸದ ಹೆಸರಿನಲ್ಲಿ ತಂಡಕ್ಕೆ ವೇದಿಕೆ ಒದಗಿಸಿದರು.

ಹೀಗೆ ಅಧಿಕೃತ ವೇದಿಕೆ ತಪ್ಪಿದ ಮೇಲೆಯೇ ಹ್ಲಾವ್ಸಾ ಅವರ ಸ್ವಂತ ಶೈಲಿ ಗಟ್ಟಿಯಾಯಿತು. ಮೊದಲು ಇಂಗ್ಲಿಷ್ ಹಾಡುಗಳನ್ನು ನುಡಿಸುತ್ತಿದ್ದ ತಂಡ ಚೆಕ್ ಕಾವ್ಯದತ್ತ ಹೊರಳಿತು. ಪ್ರಕಟಣೆಯ ಅವಕಾಶವಿಲ್ಲದ ಕವಿ ಎಗೋನ್ ಬೊಂಡಿ ಅವರ ಕಿರುಪದ್ಯಗಳಲ್ಲಿ ಅಲಂಕಾರವಿಲ್ಲ. ದಿನಬಳಕೆಯ ಒರಟು ಮಾತೇ ಅವುಗಳ ಸತ್ವ. ಆ ಮಾತನ್ನು ಹ್ಲಾವ್ಸಾ ಇಂಪುಗೊಳಿಸಲಿಲ್ಲ. ಬಾಸ್ ಗಿಟಾರಿನ ಮರುಕಳಿಸುವ ಸ್ವರಗುಚ್ಛವನ್ನು ಆಧಾರವಾಗಿಟ್ಟು, ಅದರ ಮೇಲೆ ವಯೋಲಾ ಮತ್ತು ವ್ರಾತಿಸ್ಲಾವ್ ಬ್ರಾಬೆನೆಟ್ಸ್ ಅವರ ಸ್ಯಾಕ್ಸೊಫೋನ್ ಸ್ವೈರವಾಗಿ ಸಂಚರಿಸುವಂತೆ ಮಾಡಿದರು. ಬದಲಾಗದ ತಾಳ ಪದ್ಯದ ಕಠೋರತೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿತು. ಈ ರಚನೆಗಳ ಧ್ವನಿಮುದ್ರಿಕೆ ಹೊರಬಂದದ್ದು 1978ರಲ್ಲಿ, ಅದೂ ವಿದೇಶದಲ್ಲಿ.

1976ರ ಮಾರ್ಚ್‌ನಲ್ಲಿ ಹ್ಲಾವ್ಸಾ ಸೇರಿದಂತೆ ಹಲವರ ಬಂಧನವಾಯಿತು. ಸೆಪ್ಟೆಂಬರಿನಲ್ಲಿ ಯಿರೌಸ್‌ಗೆ ಹದಿನೆಂಟು ತಿಂಗಳು, ಬ್ರಾಬೆನೆಟ್ಸ್‌ಗೆ ಎಂಟು ತಿಂಗಳು ಸೆರೆವಾಸ ವಿಧಿಸಲಾಯಿತು. ವಿಚಾರಣೆಯನ್ನು ಕಂಡ ನಾಟಕಕಾರ ವಾತ್ಸ್ಲಾವ್ ಹಾವೆಲ್ ಅದರಲ್ಲಿ ತಮಗಿಷ್ಟವಾದಂತೆ ಬದುಕುವ ಹಕ್ಕಿನ ಮೇಲಿನ ದಾಳಿಯನ್ನು ಗುರುತಿಸಿದರು. ಈ ಮೊಕದ್ದಮೆಯ ಪ್ರೇರಣೆಯಿಂದ 1977ರ ಜನವರಿಯಲ್ಲಿ ಚಾರ್ಟರ್ 77 ಪ್ರಕಟವಾಯಿತು.

ಗಮನಿಸಬೇಕಾದದ್ದೆಂದರೆ, ಇದಾದ ಬಳಿಕವೂ ಹ್ಲಾವ್ಸಾ ಘೋಷಣೆಯ ಹಾಡುಗಳಿಗೆ ಒಲಿಯಲಿಲ್ಲ. 1978ರಲ್ಲಿ ಹಾವೆಲ್ ಅವರ ಹ್ರಾದೆಚೆಕ್ ಮನೆಯಲ್ಲಿ ಕ್ರಿಸ್ತನ ಯಾತನೆಯನ್ನು ಕುರಿತ ದೀರ್ಘ ಕೃತಿಯನ್ನು ಧ್ವನಿಮುದ್ರಿಸಿದರು; ಮರುವರ್ಷ ತತ್ತ್ವಜ್ಞಾನಿ ಲಾದಿಸ್ಲಾವ್ ಕ್ಲೀಮಾ ಅವರ ಬರಹಕ್ಕೆ ಸಂಗೀತ ಅಳವಡಿಸಿದರು. ಪ್ರಭುತ್ವದ ಒತ್ತಡ ಹೆಚ್ಚಿದಾಗ ಅವರು ಆರಿಸಿಕೊಂಡದ್ದು ಸಾವು ಮತ್ತು ಸಂಕಟದಂಥ ವಸ್ತುಗಳನ್ನು. ಆದುದರಿಂದ ಹ್ಲಾವ್ಸಾ ಅವರ ಅಧ್ಯಯನ ನ್ಯಾಯಾಲಯದ ಕಡತಗಳಿಗಿಂತ ಮೊದಲು ಈ ಧ್ವನಿಮುದ್ರಣಗಳಿಂದ ಆರಂಭವಾಗಬೇಕು. ಪ್ರಭುತ್ವಕ್ಕೆ ಸಹಿಸಲಾಗದ ಸ್ವಾತಂತ್ರ್ಯ ಯಾವುದೆಂಬುದು ಅಲ್ಲಿ ನೇರವಾಗಿ ಕೇಳಿಸುತ್ತದೆ.