ಮೆಣಸು, ಮೆಣಸಿನಕಾಯಿ, ಎರಡು ದ್ವೀಪ: ಮಂಡ್ಯದ ಒರಳಲ್ಲಿ ಥಾಯ್ ಅಡುಗೆ

ಇವತ್ತಿನ ಸಂಚಿಕೆ ಊಟದ ಬಗ್ಗೆ. ಪ್ರಶ್ನೆ ಇಷ್ಟೇ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವುದೋ ಒಂದು ಮನೆಯಲ್ಲಿ ಥಾಯ್ಲೆಂಡಿನ ಸಾಂಪ್ರದಾಯಿಕ ಅಡುಗೆ ಮಾಡೋಕಾಗುತ್ತಾ? ಆ ಬಾಟಲಿ ಬೇಕು, ಈ ಪೇಸ್ಟ್ ಬೇಕು, ಆನ್‌ಲೈನಲ್ಲಿ ತರಿಸಬೇಕು ಅಂತ ಅಂದುಕೊಂಡಿದ್ದರೆ ಸ್ವಲ್ಪ ತಡೀರಿ. ಸುಮಾರು 500 ವರ್ಷ ಹಿಂದಕ್ಕೆ ಹೋಗಿ ಬರೋಣ.

ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ಥಯ. 1351ರಲ್ಲಿ ಕಟ್ಟಿದ ಊರು. ಸುತ್ತ ಮೂರು ನದಿ, ನಡುವೆ ದ್ವೀಪ, ದ್ವೀಪದ ಮೇಲೆ ರಾಜಧಾನಿ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಮ್ಮ ಶ್ರೀರಂಗಪಟ್ಟಣವೂ ಹಾಗೇ, ಕಾವೇರಿ ಎರಡಾಗಿ ಹರಿದು ಮಾಡಿಕೊಟ್ಟ ದ್ವೀಪ. 1610ರಲ್ಲಿ ರಾಜ ಒಡೆಯರ್ ಇದನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಅಯುತ್ಥಯ 1767ರಲ್ಲಿ ಬರ್ಮಾ ಸೈನ್ಯಕ್ಕೆ ಬಿತ್ತು. ಶ್ರೀರಂಗಪಟ್ಟಣ 1799ರಲ್ಲಿ ಬ್ರಿಟಿಷರಿಗೆ ಬಿತ್ತು. ಅಲ್ಲಿನ ರಾಜಧಾನಿ ಕೊನೆಗೆ ಬ್ಯಾಂಕಾಕಿಗೆ ಹೋಯ್ತು, ಇಲ್ಲಿನದು ಮೈಸೂರಿಗೆ.

ಈಗ ಊಟಕ್ಕೆ ಬರೋಣ. 1500ನೇ ಇಸವಿಯಲ್ಲಿ ಈ ಎರಡೂ ಊರುಗಳಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ. ಹಸಿರೂ ಇಲ್ಲ, ಕೆಂಪೂ ಇಲ್ಲ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1511ರಲ್ಲಿ ಮಲಕ್ಕಾ ಹಿಡಿದರು, ಅದೇ ವರ್ಷ ಅಯುತ್ಥಯಕ್ಕೆ ದೂತನನ್ನೂ ಕಳಿಸಿದರು. ಆ ಶತಮಾನದ ಹಡಗು ವ್ಯಾಪಾರದ ಜೊತೆಗೇ ಈ ಕಾಯಿ ನಮ್ಮ ಕಡೆಗೂ ಬಂತು, ಆ ಕಡೆಗೂ ಹೋಯ್ತು.

ಹಾಗಾದ್ರೆ ಅದಕ್ಕೂ ಮೊದಲು ಖಾರಕ್ಕೆ ಏನು ಹಾಕ್ತಿದ್ರು? ಉತ್ತರ ನಮ್ಮ ಮಾತಲ್ಲೇ ಇದೆ. ಕನ್ನಡದಲ್ಲಿ ಮೊದಲು ಇದ್ದದ್ದು ‘ಮೆಣಸು’, ಅಂದ್ರೆ ಕಾಳು ಮೆಣಸು. ಹೊಸದಾಗಿ ಬಂದ ಕಾಯಿಗೆ ‘ಮೆಣಸಿನಕಾಯಿ’ ಅಂತ ಹೆಸರಿಟ್ಟರು. ಥಾಯ್ ಭಾಷೆಯಲ್ಲೂ ಇದೇ ಆಟ, ಸ್ವಲ್ಪ ಉಲ್ಟಾ. ಅಲ್ಲಿ ಮೆಣಸಿಗಿದ್ದ ‘ಫ್ರಿಕ್’ ಅನ್ನೋ ಹೆಸರನ್ನು ಹೊಸ ಕಾಯಿಯೇ ಕಿತ್ತುಕೊಂಡಿತು. ಪಾಪ, ಹಳೇ ಮೆಣಸು ‘ಫ್ರಿಕ್ ಥಾಯ್’ ಆಯ್ತು. ಅಂದ್ರೆ ‘ನಮ್ಮ ಥಾಯ್ ಮೆಣಸು’! ಹೊರಗಿಂದ ಬಂದದ್ದು ಯಾವುದು, ಮೊದಲಿಂದ ಇದ್ದದ್ದು ಯಾವುದು ಅಂತ ಎರಡೂ ಭಾಷೆಗಳು ಇವತ್ತಿಗೂ ಮರೆತಿಲ್ಲ.

ಅಡುಗೆಮನೆಯೂ ಮರೆತಿಲ್ಲ. ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಅನ್ನೋ ಅಡುಗೆ ಪುಸ್ತಕವನ್ನೇ ಬರೆದ. ಅದರ ಖಾರ ಮೆಣಸಿನದ್ದು, ಮೆಣಸಿನಕಾಯಿಯದ್ದಲ್ಲ. ಇವತ್ತಿಗೂ ಬ್ರಾಹ್ಮಣರ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಹಾಕಲ್ಲ, ಮೆಣಸೇ ಹಾಕೋದು. ಬಾಣಂತಿಗೆ ಕೊಡೋದೂ ಮೆಣಸಿನ ಸಾರೇ. 500 ವರ್ಷದ ಹಿಂದಿನ ರುಚಿ ನೋಡಬೇಕು ಅಂದ್ರೆ ಮ್ಯೂಸಿಯಂಗೆ ಹೋಗಬೇಕಿಲ್ಲ.

ಈಗ ‘ಸಾಂಪ್ರದಾಯಿಕ’ ಅನ್ನೋ ಪದವನ್ನೇ ಸ್ವಲ್ಪ ಅಲುಗಾಡಿಸೋಣ. ಥಾಯ್ಲೆಂಡಿನ ‘ಸೋಮ್ ತಮ್’ ಗೊತ್ತಿರಬಹುದು, ಪರಂಗಿಕಾಯಿಯ ಕೋಸಂಬರಿ ಅನ್ನಿ. ಅದರಲ್ಲಿರೋ ಪರಂಗಿ, ಕಡಲೆಕಾಯಿ, ಟೊಮೆಟೊ, ಮೆಣಸಿನಕಾಯಿ, ನಾಲ್ಕೂ ಅಮೆರಿಕದಿಂದ ಬಂದವು. ನಗಬೇಡಿ, ನಮ್ಮ ಮುದ್ದೆಯ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ. ಹುಣಸೆಯೂ ಆಫ್ರಿಕಾದ್ದೇ. ಬಂದು ಸಾವಿರಾರು ವರ್ಷ ಆಗಿರೋದರಿಂದ ನಮ್ಮ ಮನೆಯವರಾಗಿದ್ದಾರೆ, ಅಷ್ಟೇ.

ಇನ್ನು ‘ಪ್ಯಾಡ್ ಥಾಯ್’. ಇದು ಚೀನೀಯರ ಹಾಗೆ ಬಾಣಲೆಯಲ್ಲಿ ಹುರಿಯೋ ಅಕ್ಕಿ ನೂಡಲ್ಸ್. ಪ್ರಧಾನಿ ಫಿಬುನ್ ಅವರ ಸರ್ಕಾರ ಇದನ್ನು ದೇಶದ ತಿಂಡಿ ಅಂತ ಪ್ರಚಾರ ಮಾಡಿತು. ಸಯಾಂ ದೇಶಕ್ಕೆ ಥಾಯ್ಲೆಂಡ್ ಅಂತ ಹೆಸರು ಬದಲಾದದ್ದೂ ಅವರ ಕಾಲದಲ್ಲೇ, 1939ರ ಜೂನ್‌ನಲ್ಲಿ. ಅದೇ ವರ್ಷ ಜುಲೈ 1ರಂದು ನಮ್ಮಲ್ಲಿ ಏನಾಯ್ತು ಗೊತ್ತಾ? ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು! ಎರಡಕ್ಕೂ ಸಂಬಂಧ ಏನಿಲ್ಲ. ಆದ್ರೆ ಎರಡೂ ಕಡೆ ತಟ್ಟೆ ಬದಲಾಗ್ತಿದ್ದ ಕಾಲ ಅದು. ಅಲ್ಲಿ ಸರ್ಕಾರದ ಪ್ರಚಾರ ಬದಲಾಯಿಸಿತು, ಇಲ್ಲಿ ನೀರು. ಕನ್ನಂಬಾಡಿ ಕಟ್ಟೆ ಎದ್ದು, ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂದಮೇಲೆ ರಾಗಿ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ನಾವು ‘ಮೊದಲಿಂದ ಹೀಗೇ’ ಅನ್ನೋ ಎಷ್ಟೋ ಊಟಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ಹಾಗಾದ್ರೆ ಸಂಪ್ರದಾಯ ಅನ್ನೋದು ಎಲ್ಲಿದೆ? ಸಾಮಾನಿನಲ್ಲಿ ಇಲ್ಲ, ಮಾಡೋ ರೀತಿಯಲ್ಲಿ ಇದೆ ಅನ್ನೋದು ನನ್ನ ಮಾತು. ಅದಕ್ಕೆ ಒಂದು ಉದಾಹರಣೆ.

ನಮ್ಮ ಉಪ್ಸಾರು ನೆನಪಿಸಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿದ ತಿಳಿ ಸಾರು, ಅದರಲ್ಲಿ ಉಪ್ಪು ಬಿಟ್ಟರೆ ಹೆಚ್ಚೇನೂ ಇಲ್ಲ. ರುಚಿಯೆಲ್ಲ ಪಕ್ಕದಲ್ಲಿರೋ ಖಾರದಲ್ಲಿ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು, ಎಲ್ಲ ಅರೆದ ಉಂಡೆ. ತಟ್ಟೆಯಲ್ಲಿ ಎಷ್ಟು ಬೇಕೋ ಅಷ್ಟು ಕಲಸಿಕೊಂಡು ಮುದ್ದೆ ನುಂಗೋದು. ಥಾಯ್ಲೆಂಡಿನ ಹಳ್ಳಿ ಊಟದ ಜೀವಾಳ ‘ನಮ್ ಫ್ರಿಕ್’ ಕೂಡ ಇದೇ ಲೆಕ್ಕ. ಬೇಯಿಸಿದ ತರಕಾರಿ, ಅನ್ನ, ಪಕ್ಕದಲ್ಲಿ ಒರಳಲ್ಲಿ ಕುಟ್ಟಿದ ಖಾರ. ಇದನ್ನು ಅವರು ನಮ್ಮಿಂದ ಕಲಿತಿಲ್ಲ, ನಾವೂ ಅವರಿಂದ ಕಲಿತಿಲ್ಲ. ಒಂದೇ ಕಾಯಿ ಕೈಗೆ ಸಿಕ್ಕಿದಾಗ ಎರಡು ಊರಿನ ಹೆಣ್ಣುಮಕ್ಕಳು ಒಂದೇ ಥರ ಯೋಚನೆ ಮಾಡಿದ್ರು.

ಹಾಗಾಗಿ ಮನೇಲಿ ಥಾಯ್ ಅಡುಗೆ ಶುರು ಮಾಡೋದಾದ್ರೆ ಪೇಸ್ಟ್ ಬಾಟಲಿ ಬೇಡ, ‘ನಮ್ ಫ್ರಿಕ್ ನುಮ್’ ಮಾಡಿ. ಉತ್ತರ ಥಾಯ್ಲೆಂಡಿನದು. ಖಾರ ಕಮ್ಮಿ ಇರೋ ಉದ್ದ ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಸಣ್ಣ ಈರುಳ್ಳಿ, ಬೆಳ್ಳುಳ್ಳಿ. ಕೆಂಡದ ಮೇಲೋ ಕಾವಲಿ ಮೇಲೋ ಹೊರಗೆ ಕಪ್ಪಾಗೋವರೆಗೆ ಸುಡಿ. ಸಿಪ್ಪೆ ತೆಗೆದು, ಉಪ್ಪು ಹಾಕಿ, ಒರಳಲ್ಲಿ ಕುಟ್ಟಿ. ಮಿಕ್ಸಿಗೆ ಹಾಕಿದ್ರೆ ಚಟ್ನಿ ಆಗುತ್ತೆ. ಇದು ಎಳೆ ಎಳೆಯಾಗಿರಬೇಕು. ಮೇಲೆ ಕೊತ್ತಂಬರಿ. ಅನ್ನ, ಬೆಂದ ತರಕಾರಿ ಜೊತೆ ತಿನ್ನಿ. ಮುದ್ದೆ ಜೊತೆ ತಿಂದ್ರೂ ಯಾರೂ ಕೇಸ್ ಹಾಕಲ್ಲ.

ಮುಂದಿನ ಹೆಜ್ಜೆಗೂ ಸಾಮಾನು ಹತ್ತಿರದಲ್ಲೇ ಇದೆ. ತಾಟಿಬೆಲ್ಲದ ಜಾಗಕ್ಕೆ ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆ ಬೆಲ್ಲ. ಹಾಲು ತೆಗೆಯೋಕೆ ನಾಗಮಂಗಲದ ತೆಂಗು. ಹುಳಿ-ಸಿಹಿ-ಖಾರ ಹದ ಮಾಡೋದು ಹೇಗೆ ಅಂತ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪುಳಿಯೋಗರೆ ತಿಂದವರಿಗೆ ಬೇರೆ ಪಾಠ ಬೇಕಾ? ‘ತೋಮ್ ಖಾ’ ಸೂಪಿನ ‘ಖಾ’ ಅಂದ್ರೆ ದುಂಪರಾಸ್ಮೆ, ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ನೋಡಿ. ‘ಪ್ಯಾಡ್ ಕ್ರಪಾವ್’ಗೆ ಅವರು ಹಾಕೋ ಎಲೆ ತುಳಸಿ ಜಾತಿಯದ್ದೇ. ಆದ್ರೆ ಕಟ್ಟೆ ಮೇಲಿನ ತುಳಸಿಯನ್ನು ಮಾಂಸಕ್ಕೆ ಹಾಕ್ತೀನಿ ಅಂದ್ರೆ ಮನೇಲಿ ಏನಾಗುತ್ತೋ, ಅದು ನಿಮ್ಮ ಜವಾಬ್ದಾರಿ! ಗಿಡ ಒಂದೇ, ಅಲ್ಲಿ ಒಗ್ಗರಣೆಗೆ, ಇಲ್ಲಿ ಪೂಜೆಗೆ.

ಕೊನೇ ಮಾತು. ನಮ್ ಫ್ರಿಕ್ ಮಾಡೋ ವಿಧಾನ ನಿಮ್ಮ ಫೋನಲ್ಲಿ ಬೇಕಾದಷ್ಟು ಸಿಗುತ್ತೆ. ಆದ್ರೆ ನಿಮ್ಮ ಅವ್ವನೋ ಅಜ್ಜಿಯೋ ಮಾಡೋ ಉಪ್ಸಾರು ಖಾರದ ಹದ ಎಲ್ಲೂ ಸಿಗಲ್ಲ. ಮೆಣಸಿನಕಾಯಿ ಹುರೀತಾರಾ, ಸುಡ್ತಾರಾ, ಬೇಯಿಸ್ತಾರಾ? ಮೆಣಸು ಎಷ್ಟು ಕಾಳು? ಒಂದೊಂದು ಮನೇದು ಒಂದೊಂದು ಥರ, ಯಾರೂ ಬರೆದಿಟ್ಟಿಲ್ಲ, ಅರೆಯೋ ಕೈ ನಿಂತರೆ ಅದೂ ನಿಂತ ಹಾಗೆ. ಈ ಭಾನುವಾರ ಥಾಯ್ ಖಾರ ಕುಟ್ಟೋಕೆ ಒರಳು ತೊಳೆದಾಗ, ನಿಮ್ಮ ಮನೆಯ ಖಾರವನ್ನೂ ಕೇಳಿ, ಅವರು ಹೇಳೋದನ್ನ ಫೋನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.