ಅರ್ಧ ಪೆನ್ನಿಯ ಟಾರು: ಒಂದು ಇಂಗ್ಲಿಷ್ ಗಾದೆಯ ಅರ್ಥಪಲ್ಲಟ

ಅರ್ಧ ಪೆನ್ನಿಯ ಟಾರಿಗೆ ಜಿಪುಣತನ ಮಾಡಿ ಹಡಗನ್ನೇ ಕೆಡಿಸಬೇಡ ಎಂಬ ಇಂಗ್ಲಿಷ್ ಗಾದೆ ಕೇಳಿದವರಿಗೆ ನೆನಪಾಗುವುದು ಕಡಲು. ಹಡಗಿನ ಹಲಗೆಗಳಿಗೆ ಟಾರು ಬಳಿಯುತ್ತಿದ್ದುದು ನಿಜವಾದ್ದರಿಂದ ಅನುಮಾನವೂ ಮೂಡುವುದಿಲ್ಲ. ಆದರೆ ಗಾದೆ ಹುಟ್ಟಿದ್ದು ಕುರಿಹಟ್ಟಿಯಲ್ಲಿ. ಕುರಿಯ ಹುಣ್ಣಿಗೆ ನೊಣ ಮುತ್ತದಂತೆ ಇಂಗ್ಲೆಂಡಿನ ಕುರಿಗಾಹಿಗಳು ಟಾರು ಹಚ್ಚುತ್ತಿದ್ದರು. ಹೊಸ ವಸಾಹತುಗಾರರಿಗೆಂದು ಕ್ಯಾಪ್ಟನ್ ಜಾನ್ ಸ್ಮಿತ್ 1631ರಲ್ಲಿ ಬರೆದ ಪುಸ್ತಕದಲ್ಲೂ ಟಾರಿಲ್ಲದೆ ಕಳೆದುಹೋಗುವುದು ಕುರಿಗಳೇ. ಕೆಲವು ಆಡುನುಡಿಗಳಲ್ಲಿ ‘ಶೀಪ್’ ಎಂಬುದು ‘ಶಿಪ್’ ಎಂದು ಕೇಳಿಸುತ್ತಿತ್ತು. ಕುರಿ ಹಡಗಾದದ್ದು ಹೀಗೆ.

ಈ ಜಾಡಿನಲ್ಲಿ ಜಾನ್ ರೇ (1627–1705) ಅವರ ಸಾಕ್ಷ್ಯ ಅಮೂಲ್ಯ. ಜಾನ್ ಹೇವುಡ್ 1546ರಲ್ಲೇ ಗಾದೆಗಳನ್ನು ಮದುವೆಯ ಕುರಿತ ಸಂವಾದದಲ್ಲಿ ಪೋಣಿಸಿದ್ದರು. ರೇ ಅವರ ದಾರಿ ಬೇರೆ. ಎಸೆಕ್ಸ್‌ನ ಕಮ್ಮಾರನ ಮಗನಾದ ಈ ಸಸ್ಯವಿಜ್ಞಾನಿ ಗಿಡಗಳನ್ನು ಹುಡುಕಿಕೊಂಡು ಊರೂರು ಅಲೆದವರು. ಇಂಗ್ಲೆಂಡಿನ ಸಸ್ಯಗಳ ಪಟ್ಟಿಯೂ ಗಾದೆಗಳ ಸಂಗ್ರಹವೂ ಅವರಿಂದ ಬಂದದ್ದು 1670ರ ಒಂದೇ ವರ್ಷದಲ್ಲಿ. ಆ ಸಂಗ್ರಹದಲ್ಲಿ ಟಾರಿನ ಗಾದೆಯ ಪ್ರಾಣಿ ‘ಹಾಗ್’. ಸಾಮಾನ್ಯ ಇಂಗ್ಲಿಷಿನಲ್ಲಿ ಅದು ಹಂದಿ; ಉತ್ತರದ ಕುರಿಗಾಹಿಗಳ ಬಾಯಲ್ಲಿ ಇನ್ನೂ ಉಣ್ಣೆ ಕತ್ತರಿಸದ ಎಳೆಯ ಕುರಿ. 1678ರ ಎರಡನೆಯ ಮುದ್ರಣದಲ್ಲಿ ರೇ ಟಿಪ್ಪಣಿ ಸೇರಿಸಿದರು: ಕೆಲವರು ಕುರಿ ಎನ್ನುತ್ತಾರೆ, ಟಾರು ಹೆಚ್ಚು ಬೇಕಾಗುವುದೂ ಹಂದಿಗಲ್ಲ, ಕುರಿಗೆ. ಕೇಳಿದ ಪಾಠವನ್ನು ಅಳಿಸದೆ ಪಕ್ಕದಲ್ಲೇ ಅನುಮಾನವನ್ನೂ ಬರೆದಿಟ್ಟ ಈ ಶಿಸ್ತನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಪದದ ಜೊತೆಗೆ ವಿವೇಕವೂ ಬದಲಾಗಿದೆ ಎಂಬುದು ನನ್ನ ವಾದ. ಹಡಗಿನ ಗಾದೆ ಆಸ್ತಿಯ ಲೆಕ್ಕ ಹೇಳುತ್ತದೆ: ಕಡೆಗಳಿಗೆಯ ಸಣ್ಣ ಉಳಿತಾಯ ದೊಡ್ಡ ನಷ್ಟಕ್ಕೆ ದಾರಿ. ಕುರಿಯ ಗಾದೆಯಲ್ಲೂ ಕಾಸಿನ ಲೆಕ್ಕವಿದೆ, ಆದರೆ ಅದರ ನಡುವೆ ನೋಯುವ ಜೀವವೊಂದಿದೆ. ಹುಣ್ಣು ಇಂದೇ ಕಣ್ಣಿಗೆ ಬೀಳಬೇಕು, ಟಾರು ಇಂದೇ ತಾಗಬೇಕು. ಅಲ್ಲಿ ಮಿತವ್ಯಯಕ್ಕಿಂತ ಮೊದಲು ಬರುವುದು ದಿನದಿನದ ಆರೈಕೆ. ದುಡಿಮೆಯ ನೆನಪು ಮಾಸಿದಾಗ ಗಾದೆ ಉಳಿದರೂ ಅದರೊಳಗಿನ ಮಮತೆ ಸೋರಿಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಅಚ್ಚಿನಲ್ಲಿ ನೆಲೆಯೂರಿತು. ಡಬ್ಲ್ಯು. ಸಿ. ಹ್ಯಾಜ್ಲಿಟ್ 1869ರ ತಮ್ಮ ಸಂಗ್ರಹದಲ್ಲಿ ಕೊಟ್ಟದ್ದೂ ಹಡಗಿನ ಪಾಠವನ್ನೇ. ಆದರೆ ಮೂರು ಕಡೆ ಕಡಲೇ ಇರುವ ಕಾರ್ನ್‌ವಾಲ್‌ನಲ್ಲಿ ಅವರ ಕಿವಿಗೆ ಬಿದ್ದದ್ದು ಕುರಿ.