ಗಣಕಯಂತ್ರದಲ್ಲಿ ವೆಚ್ಚದ ಲೆಕ್ಕ: ಪ್ರೋಸೆಸ್‌ನಿಂದ ನಿಯಂತ್ರಣ ಗುಂಪಿನವರೆಗೆ

ಒಂದು ಗಣಕಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸತೊಡಗಿದಂದೇ ಅದರ ವೆಚ್ಚದ ಲೆಕ್ಕವೂ ಹುಟ್ಟಿತು. ಯಾವ ಕೆಲಸಕ್ಕೆ ಎಷ್ಟು ಕಾಲ, ಎಷ್ಟು ಮೆಮೊರಿ ಸಂದಿತೆಂಬುದನ್ನು ಅರಿಯದೆ ನ್ಯಾಯವಾದ ಹಂಚಿಕೆ ಅಸಾಧ್ಯ. ಆದರೆ ಆ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕು? ಈ ಪ್ರಶ್ನೆಗೆ ತಕ್ಕ ಉತ್ತರ ದೊರೆಯಲು ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು. ಆ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರ ನವೆಂಬರಿನಲ್ಲಿ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆಯ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅದರಲ್ಲಿ ಲೆಕ್ಕದ ಘಟಕ ಬಳಕೆದಾರನೇ. ಅಲನ್ ಷೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆಗಳ ಕಾಲ ನಿಗದಿಯಾಗಿತ್ತು. ಅದು ಸಾಲದೆ ಅವರು 1962ರಲ್ಲಿ ಎಲ್ಲರ ಗುಪ್ತಪದಗಳನ್ನೂ ಮುದ್ರಿಸಿ ತೆಗೆದುಕೊಂಡು, ಇತರರ ಹೆಸರಿನಲ್ಲಿ ಯಂತ್ರವನ್ನು ಬಳಸಿದರು. ಇಲ್ಲಿ ಯಂತ್ರವು ಎಣಿಕೆಯಲ್ಲಿ ತಪ್ಪಲಿಲ್ಲ. ಬರೆದ ಹೆಸರು ಮಾತ್ರ ತಪ್ಪಾಗಿತ್ತು. ಮುಂದಿನ ಚರಿತ್ರೆಯಲ್ಲಿಯೂ ಈ ದೋಷವೇ ಬೇರೆ ಬೇರೆ ರೂಪಗಳಲ್ಲಿ ತಲೆದೋರುವುದನ್ನು ಕಾಣುವೆವು.

1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಆರಂಭವಾದ ಯೂನಿಕ್ಸ್ ವ್ಯವಸ್ಥೆಯಲ್ಲಿ ಲೆಕ್ಕದ ಘಟಕ ಪ್ರೋಸೆಸ್ ಆಯಿತು. ಎಂದರೆ, ನಡೆಯುತ್ತಿರುವ ಒಂದೊಂದು ಕಾರ್ಯಕ್ರಮ. 1979ರ ಏಳನೆಯ ಆವೃತ್ತಿಯಲ್ಲಿ, ಪ್ರತಿಯೊಂದು ಪ್ರೋಸೆಸ್ ಮುಗಿದಾಗಲೂ ಅದರ ವೆಚ್ಚವನ್ನು ಕಡತಕ್ಕೆ ಸೇರಿಸುವ 'ಅಕೌಂಟ್' ಕರೆ ಬಂದಿತು. 1983ರ ಬರ್ಕ್ಲಿ ಆವೃತ್ತಿಯಲ್ಲಿ 'ಗೆಟ್‌ಆರ್‌ಯೂಸೇಜ್' ಎಂಬ ಕರೆ ಇದನ್ನು ವಿಸ್ತರಿಸಿತು. ಆದರೆ ಪ್ರೋಸೆಸ್ ಮಕ್ಕಳನ್ನು ಹಡೆಯುತ್ತದೆ; ಆ ಮಕ್ಕಳು ಮೊಮ್ಮಕ್ಕಳನ್ನು ಹಡೆಯುತ್ತವೆ. ತೊಡಕು ಹುಟ್ಟಿದ್ದು ಇಲ್ಲಿಯೇ.

ಮೊದಲನೆಯದಾಗಿ, ಮಗುವಿನ ವೆಚ್ಚ ತಾಯಿಯ ಲೆಕ್ಕಕ್ಕೆ ಸೇರುವುದು ಮಗು ಮಡಿದು, ತಾಯಿ ಅದಕ್ಕಾಗಿ ಕಾದು ಸುದ್ದಿ ಪಡೆದ ಮೇಲೆಯೇ. ಎರಡನೆಯದಾಗಿ, ತಾಯಿ ಮೊದಲೇ ಮಡಿದರೆ ಮಗುವನ್ನು ಸಾಮಾನ್ಯವಾಗಿ 1ನೆಯ ಸಂಖ್ಯೆಯ ಪ್ರೋಸೆಸ್ ದತ್ತು ಪಡೆಯುತ್ತದೆ. ವೆಚ್ಚವೂ ಪರರ ಮನೆಯ ಪಾಲಾಗುತ್ತದೆ. ಮೂರನೆಯದಾಗಿ, ಮೆಮೊರಿಯ ವಿಷಯದಲ್ಲಿ ಮಕ್ಕಳ ಪೈಕಿ ಅತಿ ದೊಡ್ಡದೊಂದರ ಅಳತೆ ಮಾತ್ರ ದೊರೆಯುತ್ತದೆ. ನಾಲ್ಕು ಮಕ್ಕಳು ಏಕಕಾಲದಲ್ಲಿ ತಲಾ 100 ಮೆಗಾಬೈಟ್ ಹಿಡಿದಿದ್ದರೂ ವರದಿ ಹೇಳುವುದು 100, 400 ಅಲ್ಲ. ಹಾಗೆಂದು ನಾವೇ ಕೂಡಿಸಹೊರಟರೆ, ಹಂಚಿಕೊಂಡ ಪುಟಗಳನ್ನು ಮತ್ತೆ ಮತ್ತೆ ಎಣಿಸಿದಂತಾಗುವುದು.

2006ರಲ್ಲಿ ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಲಿನಕ್ಸ್‌ಗಾಗಿ 'ಪ್ರೋಸೆಸ್ ಕಂಟೇನರ್' ಎಂಬ ಕೆಲಸವನ್ನು ಆರಂಭಿಸಿದರು. 2007ರಲ್ಲಿ ಅದಕ್ಕೆ 'ಕಂಟ್ರೋಲ್ ಗ್ರೂಪ್', ಅರ್ಥಾತ್ ನಿಯಂತ್ರಣ ಗುಂಪು, ಎಂದು ಹೆಸರಾಯಿತು. 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಅದು ಲಿನಕ್ಸ್‌ನ ಅಂಗವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ 2.6.25ರಲ್ಲಿ, ಐ.ಬಿ.ಎಂ. ಸಂಸ್ಥೆಯ ಬಲಬೀರ್ ಸಿಂಗ್ ಅವರ ಪರಿಶ್ರಮದಿಂದ ಮೆಮೊರಿಯ ಗಣನೆಯೂ ಸೇರಿತು.

ಇದರ ತತ್ತ್ವ ಸರಳವಾದುದು. ಅವಿಭಕ್ತ ಕುಟುಂಬದಲ್ಲಿ ಖರ್ಚನ್ನು ಮನೆಯ ಹೆಸರಿನಲ್ಲಿ ಬರೆಯುವಂತೆ, ಇಲ್ಲಿ ಲೆಕ್ಕ ಗುಂಪಿನ ಹೆಸರಿನಲ್ಲಿರುತ್ತದೆ. ಮಗು ತಾಯಿಯ ಗುಂಪಿನಲ್ಲಿಯೇ ಹುಟ್ಟುತ್ತದೆ, ಅನಾಥವಾದರೂ ಅಲ್ಲಿಯೇ ಉಳಿಯುತ್ತದೆ, ಅನುಮತಿಯಿಲ್ಲದೆ ಹೊರಹೋಗಲಾರದು. ಮಡಿದವರು ವ್ಯಯಿಸಿದ ಕಾಲವೂ ಗುಂಪಿನ ಮೊತ್ತದಿಂದ ಅಳಿಯದು.

ಆದರೆ ಮೊದಲ ರೂಪದಲ್ಲಿ ಕಾಲಕ್ಕೊಂದು, ಮೆಮೊರಿಗೊಂದು ಎಂದು ಬೇರೆ ಬೇರೆ ವಂಶವೃಕ್ಷಗಳಿರಬಹುದಾಗಿತ್ತು. ಒಂದೇ ಪ್ರೋಸೆಸ್ ಎರಡು ಕಡೆ ಎರಡು ಗುಂಪುಗಳಿಗೆ ಸೇರಿ ಗೊಂದಲಕ್ಕೆ ಎಡೆಯಾಗುತ್ತಿತ್ತು. ಟೇಜುನ್ ಹಿಯೊ ಅವರ ಮುಂದಾಳುತನದಲ್ಲಿ ಒಂದೇ ವೃಕ್ಷದ ಎರಡನೆಯ ರೂಪ ಸಿದ್ಧವಾಗಿ, 2016ರ ಮಾರ್ಚ್‌ನ 4.5ನೆಯ ಆವೃತ್ತಿಯಲ್ಲಿ ಅಧಿಕೃತವಾಯಿತು. ಈಗ ಅಭ್ಯಾಸಿಯು ಒಂದು ಕೋಶವನ್ನು ಸೃಷ್ಟಿಸಿ, 'ಸಿಗ್ರೂಪ್.ಪ್ರಾಕ್ಸ್' ಕಡತದಲ್ಲಿ ಪ್ರೋಸೆಸ್‌ನ ಸಂಖ್ಯೆಯನ್ನು ಬರೆದರೆ ಸಾಕು. 'ಸಿಪಿಯು.ಸ್ಟ್ಯಾಟ್' ಕಡತ ಮೈಕ್ರೊಸೆಕೆಂಡುಗಳಲ್ಲಿ ಕಾಲವನ್ನೂ, 'ಮೆಮೊರಿ.ಕರೆಂಟ್' ಬೈಟುಗಳಲ್ಲಿ ಸದ್ಯದ ಮೆಮೊರಿಯನ್ನೂ ತಿಳಿಸುವುವು. ಮೆಮೊರಿಯ ಅತ್ಯುನ್ನತ ಮಟ್ಟವನ್ನು ತೋರಿಸುವ 'ಮೆಮೊರಿ.ಪೀಕ್' 2022ರಲ್ಲಿ ಸೇರಿತು.

ಇಷ್ಟರಿಂದ ಎಲ್ಲ ಸಂದೇಹಗಳೂ ತೀರಿದವೆಂದು ತಿಳಿಯಲಾಗದು. ಗುಂಪುಗಳು ಹಂಚಿಕೊಂಡ ಪುಟದ ವೆಚ್ಚವು ಅದನ್ನು ಮೊದಲು ಮುಟ್ಟಿದ ಗುಂಪಿನ ಮೇಲೆಯೇ ಬೀಳುತ್ತದೆ. ಓದಿದ ಕಡತಗಳಿಗಾಗಿ ಉಳಿಸಿಕೊಂಡ ಪುಟಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಆದಕಾರಣ, ಒಂದೇ ಕಾರ್ಯಕ್ರಮವನ್ನು ಎರಡು ಗುಂಪುಗಳಲ್ಲಿ ಒಂದಾದ ಮೇಲೊಂದು ಓಡಿಸಿದರೆ ಎರಡನೆಯದು ಮಿತವ್ಯಯಿಯೆಂದು ತೋರಬಹುದು. ವಾಸ್ತವವಾಗಿ ಅದರ ಸಾಲವನ್ನು ಮೊದಲನೆಯದು ಹೊತ್ತಿರುತ್ತದೆ. ಇದನ್ನರಿಯದೆ ಎರಡು ವಿಧಾನಗಳನ್ನು ಹೋಲಿಸುವ ವಿದ್ಯಾರ್ಥಿ, ಅಂಕಿಗಳೆಲ್ಲ ಸರಿಯಾಗಿದ್ದೂ ತಪ್ಪು ಸಿದ್ಧಾಂತಕ್ಕೆ ಬರುವನು.

ಷೆರ್ ಅವರ ಕಾಲದಿಂದ ಯಂತ್ರಗಳ ಎಣಿಕೆ ಬಹಳ ಸೂಕ್ಷ್ಮವಾಗಿದೆ. ಆದರೂ ಯಾವುದೇ ಅಳತೆಯನ್ನು ನಂಬುವ ಮೊದಲು, ಅದು ಎಷ್ಟು ಎಂಬುದರೊಡನೆ ಯಾರದು ಎಂಬುದನ್ನೂ ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.